ಸೆಮಿಸ್ಟರ್ ಪ್ರಬಂಧದಿಂದ ಡಿಸರ್ಟೇಶನ್‌ವರೆಗೆ: ಪ್ರಶ್ನೆ ಕಟ್ಟುವುದು, ಆಕರ ಹುಡುಕುವುದು, ಬರೆಯುವುದು

‘ಬೆಂಗಳೂರಿನ ಕೆರೆಗಳು: ಒಂದು ಅಧ್ಯಯನ’. ಸಿನಾಪ್ಸಿಸ್ ಸಲ್ಲಿಸುವ ತಿಂಗಳಲ್ಲಿ ಇಂಥ ಶೀರ್ಷಿಕೆಗಳು ಎಲ್ಲ ವಿಭಾಗಗಳಲ್ಲೂ ಕಾಣುತ್ತವೆ. ಇದರಲ್ಲಿ ವಿಷಯವಿದೆ, ಪ್ರಶ್ನೆಯಿಲ್ಲ. ಪ್ರಶ್ನೆಯೇ ಇಲ್ಲದಿದ್ದರೆ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುವುದಿಲ್ಲ. ಸಿಕ್ಕಿದ್ದೆಲ್ಲ ಒಳಗೆ ಬರುತ್ತದೆ, ಕೊನೆಯ ವಾರದಲ್ಲಿ ಅದನ್ನೇ ಜೋಡಿಸಿ ಅಧ್ಯಾಯ ಮಾಡಬೇಕಾಗುತ್ತದೆ, ಆಮೇಲೆ ನಕಲು ತಪಾಸಣೆಯ ಸಾಫ್ಟ್‌ವೇರ್ ದೊಡ್ಡ ಶೇಕಡಾವಾರು ತೋರಿಸುತ್ತದೆ. ಕೃತಿಚೌರ್ಯದ ಆರೋಪಕ್ಕೆ ಗುರಿಯಾಗುವ ವಿದ್ಯಾರ್ಥಿಗಳಲ್ಲಿ ಹಲವರು ಕದಿಯಲೆಂದು ಹೊರಟವರಲ್ಲ. ಪ್ರಶ್ನೆ ಸಡಿಲವಾಗಿತ್ತು, ಟಿಪ್ಪಣಿ ಅದಕ್ಕಿಂತ ಸಡಿಲವಾಗಿತ್ತು, ಅಷ್ಟೆ. ಆದ್ದರಿಂದ ಇಲ್ಲಿ ಬರವಣಿಗೆಗಿಂತ ಅದರ ಹಿಂದಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಉದಾಹರಣೆಗೆ ಕೆರೆಯ ವಿಷಯವನ್ನೇ ಇಟ್ಟುಕೊಂಡಿದ್ದೇವೆ. ನಿಮ್ಮ ವಿಷಯ ಬೇರೆಯಾದರೂ ಹೆಜ್ಜೆಗಳು ಇವೇ.

ವಿಷಯವನ್ನು ಪ್ರಶ್ನೆ ಮಾಡುವುದು

ವಿಷಯಕ್ಕೆ ನಾಲ್ಕು ಬೇಲಿ ಹಾಕಿ: ಯಾವ ಜಾಗ, ಯಾವ ಕಾಲ, ಯಾರ ಅಥವಾ ಯಾವುದರ ಬಗ್ಗೆ, ಯಾವ ಬಗೆಯ ಪುರಾವೆ. ಬೆಂಗಳೂರಿನ ಕೆರೆಗಳನ್ನು ಉಳಿಸುವ ಬಗ್ಗೆ ಶಿಫಾರಸು ಮಾಡಲು 1985ರಲ್ಲಿ ಎನ್. ಲಕ್ಷ್ಮಣರಾವ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ‘ಆ ಸಮಿತಿಯ ಶಿಫಾರಸುಗಳಲ್ಲಿ ದಕ್ಷಿಣ ಬೆಂಗಳೂರಿನ ಮೂರು ಕೆರೆಗಳ ಮಟ್ಟಿಗೆ 2000ದ ಹೊತ್ತಿಗೆ ಜಾರಿಯಾದವು ಯಾವುವು, ಉಳಿದವು ಏಕೆ ಆಗಲಿಲ್ಲ?’ ಎಂದು ಕೇಳಿದ ಕ್ಷಣ ಜಾಗ, ಕಾಲ, ದಾಖಲೆ ಮೂರೂ ಗೊತ್ತಾಗುತ್ತವೆ. ಯಾವ ಇಲಾಖೆಯ ಬಾಗಿಲು ತಟ್ಟಬೇಕೆಂಬುದೂ ಗೊತ್ತಾಗುತ್ತದೆ.

ಪ್ರಶ್ನೆ ಸಿದ್ಧವಾದ ಮೇಲೆ ಎರಡು ಪರೀಕ್ಷೆ ಮಾಡಿ. ಇದರ ಉತ್ತರ ನೀವು ಎಣಿಸಿದ್ದಕ್ಕೆ ವಿರುದ್ಧವಾಗಿ ಬರುವ ಸಾಧ್ಯತೆ ಇದೆಯೇ? ‘ಮಾಲಿನ್ಯದಿಂದ ಕೆರೆಗೆ ಹಾನಿಯಾಗಿದೆಯೇ’ ಎಂಬುದಕ್ಕೆ ಉತ್ತರ ಮೊದಲೇ ತಿಳಿದಿದೆ, ಅದಕ್ಕಾಗಿ ಒಂದು ಸೆಮಿಸ್ಟರ್ ಬೇಡ. ಎರಡನೆಯದು: ಬೇಕಾದ ಪುರಾವೆ ನಿಮ್ಮ ಅವಧಿಯಲ್ಲಿ ಕೈಗೆ ಸಿಗುತ್ತದೆಯೇ? ಉತ್ತರ ಅನುಮಾನವಾದರೆ ಗೈಡ್ ಜೊತೆ ಕೂತು ಪ್ರಶ್ನೆ ಬದಲಿಸಿ. ಎರಡನೇ ವಾರದಲ್ಲಿ ಬದಲಿಸಿದರೆ ನಷ್ಟವಿಲ್ಲ, ಹತ್ತನೇ ವಾರದಲ್ಲಿ ಬದಲಿಸಿದರೆ ಎಲ್ಲವೂ ನಷ್ಟ.

ಹದಿನಾರು ವಾರದ ಸೆಮಿಸ್ಟರನ್ನು ಹೀಗೆ ಹಂಚಬಹುದು: ಪ್ರಶ್ನೆಗೆ 2 ವಾರ, ಓದು ಮತ್ತು ಟಿಪ್ಪಣಿಗೆ 4, ದತ್ತಾಂಶ ಅಥವಾ ಕ್ಷೇತ್ರಕಾರ್ಯಕ್ಕೆ 4, ಮೊದಲ ಕರಡಿಗೆ 3, ತಿದ್ದಿ ಮತ್ತೆ ಬರೆಯಲು 2, ಆಕರಸೂಚಿ, ತಪಾಸಣೆ, ಬೈಂಡಿಂಗ್‌ಗೆ 1. ಎಲ್ಲರೂ ನುಂಗಿಹಾಕುವುದು ತಿದ್ದುವ ಎರಡು ವಾರಗಳನ್ನು. ಅವನ್ನು ಬಿಟ್ಟುಕೊಡಬೇಡಿ.

ಆಕರ ಎಲ್ಲಿದೆ

ಮೊದಲು ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕಂಡು ಯಾವ ಯಾವ ಚಂದಾ ಇದೆ ಎಂದು ಕೇಳಿ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅದರಲ್ಲಿ ಸಿಗುತ್ತವೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಒಂದು ಲೇಖನಕ್ಕೆ ಮೂರು ಸಾವಿರ ರೂಪಾಯಿ ಕೇಳುವ ಪುಟ ನೋಡಿ ಹಿಂದೆ ಸರಿಯುವವರು ಇನ್ನೂ ಇದ್ದಾರೆ. ಖಾಸಗಿ ಕಾಲೇಜಿನವರು ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ‘ಆಲ್ ವರ್ಷನ್ಸ್’ ಕೊಂಡಿ ಒತ್ತಿ ನೋಡಿ. ಲೇಖಕರೇ ಏರಿಸಿಟ್ಟ ಉಚಿತ ಪ್ರತಿ ಹಲವು ಸಲ ಅಲ್ಲಿರುತ್ತದೆ. ‘ಸೈಟೆಡ್ ಬೈ’ ಒತ್ತಿದರೆ ಆ ಲೇಖನವನ್ನು ಆಮೇಲೆ ಬಳಸಿಕೊಂಡವರ ಪಟ್ಟಿ ಬರುತ್ತದೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಆಕರಸೂಚಿಯಿಂದ ಹಿಂದಕ್ಕೆ, ಈ ಕೊಂಡಿಯಿಂದ ಮುಂದಕ್ಕೆ ಹೋಗಬಹುದು. ಹುಡುಕಾಟದ ಪೆಟ್ಟಿಗೆಯಲ್ಲಿ ಪದ ಬದಲಿಸುತ್ತಾ ಕೂರುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಇದೆ. ಅಲ್ಲಿ ನಿಮ್ಮ ವಿಷಯದ ಪ್ರಬಂಧ ಸಿಕ್ಕರೆ ಪೂರ್ವಾಧ್ಯಯನದ ಅಧ್ಯಾಯವನ್ನೂ (ಹಿಂದಿನವರ ಕೆಲಸದ ವಿಮರ್ಶೆ, ಸಾಮಾನ್ಯವಾಗಿ ಎರಡನೆಯದು) ಆಕರಸೂಚಿಯನ್ನೂ ಮೊದಲು ಓದಿ. ಅದನ್ನು ದಾರಿ ತೋರುವ ನಕಾಶೆಯಾಗಿ ಮಾತ್ರ ಬಳಸಿ, ಮೂಲವನ್ನು ಸ್ವತಃ ತೆರೆದು ನೋಡಿ. ಅಲ್ಲಿನ ಉಲ್ಲೇಖಗಳಲ್ಲಿರುವ ತಪ್ಪು ಪುಟಸಂಖ್ಯೆ ನಿಮ್ಮ ಪ್ರಬಂಧಕ್ಕೂ ಹಾಗೇ ಬಂದರೆ, ಮೂಲ ನೋಡಿಲ್ಲ ಎಂಬುದು ಪರೀಕ್ಷಕರಿಗೆ ಕೂಡಲೇ ತಿಳಿಯುತ್ತದೆ.

ಹುಡುಕುವ ಪದಗಳಲ್ಲೇ ಬೆಂಗಳೂರಿನವರು ಎಡವುವ ಜಾಗ ಒಂದಿದೆ. ಊರಿನ ಹೆಸರಿನ ಅಧಿಕೃತ ಇಂಗ್ಲಿಷ್ ಕಾಗುಣಿತ ‘ಬೆಂಗಳೂರು’ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಇಂಗ್ಲಿಷ್ ಬರಹಕ್ಕೆ ‘ಬ್ಯಾಂಗಲೋರ್’ ಎಂದೇ ಹುಡುಕಬೇಕು. 1973ಕ್ಕೂ ಹಿಂದಿನದಕ್ಕೆ ರಾಜ್ಯದ ಹೆಸರು ಮೈಸೂರು. ಹಳೆಯ ಸರ್ಕಾರಿ ಇಂಗ್ಲಿಷಿನಲ್ಲಿ ಕೆರೆಗೆ ‘ಲೇಕ್’ ಅಲ್ಲ, ‘ಟ್ಯಾಂಕ್’. ಹಲಸೂರಿಗೆ ‘ಅಲ್ಸೂರ್’. ಈಗಿಲ್ಲದ ಕೆರೆಗಳ ಹೆಸರನ್ನೂ ಪಟ್ಟಿ ಮಾಡಿಟ್ಟುಕೊಳ್ಳಿ: ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿದ್ದದ್ದು ಧರ್ಮಾಂಬುಧಿ, ಕಂಠೀರವ ಕ್ರೀಡಾಂಗಣದ ಜಾಗದಲ್ಲಿದ್ದದ್ದು ಸಂಪಂಗಿ ಕೆರೆ. ಕನ್ನಡದಲ್ಲಿ ಹುಡುಕುವಾಗ ವಿಭಕ್ತಿ ಸೇರಿದ ರೂಪಗಳನ್ನೂ ಬೇರೆ ಬೇರೆಯಾಗಿ ಹಾಕಿ: ಕೆರೆ, ಕೆರೆಯ, ಕೆರೆಗಳ. ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಗುತ್ತದೆ.

ಕಾಗದದ ಆಕರಗಳ ವಿಷಯದಲ್ಲಿ ಈ ಊರು ಶ್ರೀಮಂತ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, 1909ರಲ್ಲಿ ಹುಟ್ಟಿ ಈಗ ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿ ಮತ್ತು ಅದರ ತ್ರೈಮಾಸಿಕದ ಹಳೆಯ ಸಂಪುಟಗಳು, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಸಮಾಜ ವಿಜ್ಞಾನಕ್ಕೆ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). ಸರ್ಕಾರಿ ಕಡತಗಳಿಗೆ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರ. ಇಂಥ ಕಡೆ ಹೋಗುವಾಗ ಕಾಲೇಜಿನ ಗುರುತಿನ ಚೀಟಿ, ವಿಭಾಗದ ಮುಖ್ಯಸ್ಥರ ಸಹಿಯ ಪತ್ರ ಮತ್ತು ಅದರ ಎರಡು ಜೆರಾಕ್ಸ್ ಇಟ್ಟುಕೊಂಡು ಹೋಗಿ. ಪತ್ರದಲ್ಲಿ ಪ್ರಬಂಧದ ವಿಷಯ, ಬೇಕಾದ ವರ್ಷಗಳು ಸ್ಪಷ್ಟವಾಗಿರಲಿ. ಕಡತಗಳು ನಿಮ್ಮ ಪ್ರಶ್ನೆಯ ಪ್ರಕಾರ ಜೋಡಿಸಿರುವುದಿಲ್ಲ, ಅಂದಿನ ಇಲಾಖೆ ಮತ್ತು ವರ್ಷದ ಪ್ರಕಾರ ಇರುತ್ತವೆ. ಹಾಗಾಗಿ ‘ಕೆರೆ ಬಗ್ಗೆ ಏನಿದೆ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ‘ಕಂದಾಯ, ಲೋಕೋಪಯೋಗಿ, ನಗರಸಭೆಯ ಕಡತಗಳ ಸೂಚಿ, 1890ರಿಂದ 1910’ ಎಂದು ಕೇಳಬೇಕು.

ಇನ್ನೊಂದು ಎಚ್ಚರ. 1947ರ ಜುಲೈವರೆಗೆ ದಂಡು ಪ್ರದೇಶ (ಕಂಟೋನ್ಮೆಂಟ್) ಮೈಸೂರು ಸರ್ಕಾರದ ಆಡಳಿತದಲ್ಲಿರಲಿಲ್ಲ, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಪೇಟೆ ಮತ್ತು ದಂಡಿನ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಶನ್ ಆದದ್ದು 1949ರಲ್ಲಿ. ಹಲಸೂರು ಕೆರೆಯ ಕಥೆಯನ್ನು ಮೈಸೂರಿನ ಕಡತಗಳಲ್ಲಿ ಮಾತ್ರ ಹುಡುಕಿ ‘ದಾಖಲೆ ಇಲ್ಲ’ ಎಂದು ಬರೆದರೆ ಅದು ತಪ್ಪು ತೀರ್ಮಾನ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ರೆಸಿಡೆನ್ಸಿ ದಾಖಲೆಗಳನ್ನೂ ನೋಡಬೇಕು. ಅಲ್ಲಿನ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಶಾಸನ ಬಳಸುವವರು ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕದ ಯಾವ ಆವೃತ್ತಿ ಎಂದು ಬರೆಯಲೇಬೇಕು. ಬಿ.ಎಲ್. ರೈಸ್ ಅವರ ಮೊದಲ ಆವೃತ್ತಿಯಲ್ಲಿ ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, 1905ರದು. ಮೈಸೂರು ವಿಶ್ವವಿದ್ಯಾಲಯ 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಜೋಡಣೆಯೇ ಬೇರೆ. ಬರೀ ಸಂಪುಟ ಮತ್ತು ಶಾಸನದ ಸಂಖ್ಯೆ ಕೊಟ್ಟರೆ ಓದುಗರು ಬೇರೆ ಊರಿನ ಕಲ್ಲಿನ ಮುಂದೆ ನಿಲ್ಲುತ್ತಾರೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ಆದರೆ ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಗಳಿಗೆ ಹೆಚ್ಚಾಗಿ 79 ಕೂಡಿಸಬೇಕಾಗುತ್ತದೆ. ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ.

ಸರ್ಕಾರಿ ಮಾಹಿತಿ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಮೂರನೇ ವಾರದಲ್ಲೇ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಕೆರೆಯ ಸಂಪೂರ್ಣ ವಿವರ ಕೊಡಿ’ ಎಂದರೆ ಬರುವುದು ಪ್ರಯೋಜನವಿಲ್ಲದ ಉತ್ತರ. ದಾಖಲೆಯ ಹೆಸರು, ವರ್ಷ, ಕೆರೆಯ ಸರ್ವೆ ನಂಬರ್ ಬರೆದು ‘ಪ್ರತಿ ಕೊಡಿ’ ಎಂದು ಕೇಳಿ. ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದಲ್ಲೇ ನೋಡಬಹುದು.

ಟಿಪ್ಪಣಿ

ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಫೋಟೊ ಶೀರ್ಷಿಕೆ ಪುಟದ್ದು, ಎರಡನೆಯದು ಅದರ ಹಿಂಬದಿಯ ಮುದ್ರಣದ ವಿವರದ್ದು. ಆಮೇಲೆ ಬೇಕಾದ ಪುಟಗಳು, ಪುಟಸಂಖ್ಯೆ ಚೌಕಟ್ಟಿನಲ್ಲಿ ಕಾಣುವಂತೆ. ಈ ಕ್ರಮ ತಪ್ಪಿದರೆ ಮೂರು ತಿಂಗಳ ಮೇಲೆ ಫೋನಿನಲ್ಲಿ ಇನ್ನೂರು ಅನಾಥ ಪುಟಗಳು ಉಳಿಯುತ್ತವೆ.

ಟಿಪ್ಪಣಿಯಲ್ಲಿ ಮೂರು ಬಗೆಯ ಮಾತು ಬೆರೆಯಬಾರದು: ಲೇಖಕರ ಮಾತು ಇದ್ದ ಹಾಗೇ, ಲೇಖಕರ ವಿಚಾರ ನಿಮ್ಮ ಮಾತಿನಲ್ಲಿ, ನಿಮ್ಮದೇ ವಿಚಾರ. ಮೊದಲನೆಯದಕ್ಕೆ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಅಲ್ಲೇ, ಆಗಲೇ. ಎರಡನೆಯದನ್ನು ಪುಸ್ತಕ ಮುಚ್ಚಿಟ್ಟು ಬರೆಯಿರಿ, ಬರೆದಾದ ಮೇಲೆ ತೆರೆದು ಸರಿಯಿದೆಯೇ ನೋಡಿ. ತೆರೆದ ಪುಟ ನೋಡುತ್ತಾ ಪದ ಬದಲಿಸಿದರೆ ವಾಕ್ಯದ ಬೆನ್ನೆಲುಬು ಅವರದೇ ಆಗಿ ಉಳಿಯುತ್ತದೆ, ಪರ್ಯಾಯಪದ ಹಾಕಿದರೂ ಅದು ನಕಲೇ. ಮೂರನೆಯದಕ್ಕೆ ಬೇರೆ ಬಣ್ಣದ ಶಾಯಿ ಅಥವಾ ಚೌಕಾವರಣ. ಕೊನೆಗೆ ಪ್ರಬಂಧವಾಗುವುದು ಈ ಮೂರನೇ ಬಣ್ಣವೇ.

ಓದಿದ್ದನ್ನೆಲ್ಲ ಒಂದು ಕೋಷ್ಟಕದಲ್ಲಿ ಹಾಕಿ. ಒಂದೊಂದು ಲೇಖನಕ್ಕೆ ಒಂದೊಂದು ಸಾಲು; ಕೇಳಿದ ಪ್ರಶ್ನೆ, ಜಾಗ ಮತ್ತು ಕಾಲ, ವಿಧಾನ, ಸಿಕ್ಕ ಉತ್ತರ, ಬಿಟ್ಟುಹೋದದ್ದು ಎಂದು ಐದು ಅಂಕಣ. ಹದಿನೈದು ಸಾಲು ತುಂಬುವ ಹೊತ್ತಿಗೆ ಯಾರು ಯಾರೊಂದಿಗೆ ಒಪ್ಪುತ್ತಾರೆ, ಎಲ್ಲಿ ಜಗಳವಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಪೂರ್ವಾಧ್ಯಯನದ ಅಧ್ಯಾಯವನ್ನು ಆ ಜಗಳದ ಸುತ್ತ ಬರೆಯಿರಿ. ‘ಇವರು 2012ರಲ್ಲಿ ಹೀಗೆಂದಿದ್ದಾರೆ, ಅವರು 2015ರಲ್ಲಿ ಹಾಗೆಂದಿದ್ದಾರೆ’ ಎಂದು ಪ್ಯಾರಾ ಪ್ಯಾರಾ ಬರೆದರೆ ಅದು ಪಟ್ಟಿ, ವಿಮರ್ಶೆಯಲ್ಲ.

ಸಂಖ್ಯೆಗಳು ಕೈಕೊಡುವ ಜಾಗ

2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಎಷ್ಟು? ಆಗಿನ ಬಿಬಿಎಂಪಿ ವ್ಯಾಪ್ತಿಗೆ 84,43,675. ಬೆಂಗಳೂರು ನಗರ ಜಿಲ್ಲೆಗೆ 96,21,551. ಎರಡೂ ಸರಿ, ಗಡಿ ಬೇರೆ. ಒಂದು ಅಧ್ಯಾಯದಲ್ಲಿ ಇದನ್ನೂ ಇನ್ನೊಂದರಲ್ಲಿ ಅದನ್ನೂ ಬಳಸಿ ತಲಾವಾರು ಲೆಕ್ಕ ಹಾಕಿದ ಪ್ರಬಂಧ ವೈವಾದಲ್ಲಿ ನಿಲ್ಲುವುದಿಲ್ಲ. ವಾರ್ಡ್ ಮಟ್ಟದ ಕೆಲಸದಲ್ಲಿ ತೊಡಕು ಇನ್ನೂ ಹೆಚ್ಚು. 2011ರ ಜನಗಣತಿ 198 ವಾರ್ಡ್‌ಗಳ ಲೆಕ್ಕದಲ್ಲಿದೆ, ಆಮೇಲೆ ವಾರ್ಡ್ ಗಡಿಗಳು ಮತ್ತೆ ಮತ್ತೆ ಬದಲಾಗಿವೆ, 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ವಾರ್ಡಿನ ಹೆಸರು ಒಂದೇ ಇದ್ದರೂ ನೆಲ ಒಂದೇ ಇರಬೇಕೆಂದಿಲ್ಲ. ಹೋಲಿಸುವ ಮುನ್ನ ಎರಡೂ ಗಡಿಗಳ ನಕಾಶೆಯನ್ನು ಒಂದರ ಮೇಲೊಂದು ಇಟ್ಟು ನೋಡಿ; ಹೊಂದದಿದ್ದರೆ ಹೋಲಿಕೆಯನ್ನೇ ಕೈಬಿಡಿ.

ವಿಜ್ಞಾನದವರಿಗೂ ಇದೇ ಮಾತು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಮೀನುಗಾರಿಕೆಗೆ ತಕ್ಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ವರ್ಗದ ಮಾನದಂಡ. ಆದರೆ ಪಾಚಿ ತುಂಬಿದ ಕೆರೆಯಲ್ಲಿ ದ್ಯುತಿಸಂಶ್ಲೇಷಣೆಯಿಂದ ಮಧ್ಯಾಹ್ನ ಆಮ್ಲಜನಕ ಏರುತ್ತದೆ, ಬೆಳಗಿನ ಜಾವಕ್ಕೆ ಇಳಿಯುತ್ತದೆ. ಒಂದು ಕೆರೆಯ ನೀರನ್ನು ಬೆಳಿಗ್ಗೆ ಆರಕ್ಕೂ ಇನ್ನೊಂದರದ್ದನ್ನು ಮಧ್ಯಾಹ್ನ ಎರಡಕ್ಕೂ ತೆಗೆದು ಹೋಲಿಸಿದರೆ ನೀವು ಅಳೆದದ್ದು ಕೆರೆಗಳ ವ್ಯತ್ಯಾಸವಲ್ಲ, ಗಡಿಯಾರದ ವ್ಯತ್ಯಾಸ. ಮಾದರಿ ತೆಗೆದ ಗಂಟೆ, ಆಳ, ದಡದಿಂದ ದೂರ, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದು ಕ್ಷೇತ್ರ ಪುಸ್ತಕದಲ್ಲಿ ಇರಲೇಬೇಕು.

ಸಮೀಕ್ಷೆ ಮಾಡುವವರು ಗೂಗಲ್ ಫಾರ್ಮನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಿ ‘ಬೆಂಗಳೂರಿನ ನಾಗರಿಕರ ಅಭಿಪ್ರಾಯ’ ಎಂದು ಬರೆಯುತ್ತಾರೆ. ಉತ್ತರ ಕೊಟ್ಟವರು ನಿಮ್ಮ ಸ್ನೇಹಿತರು, ಅವರ ಸ್ನೇಹಿತರು. ಶೇ. 95ರ ವಿಶ್ವಾಸ, ಶೇ. 5ರ ದೋಷಮಿತಿಗೆ 385 ಜನ, ಶೇ. 10ರ ಮಿತಿಗೆ 97 ಜನ ಸಾಕು ಎಂಬ ಲೆಕ್ಕ ಯಾದೃಚ್ಛಿಕ (ಚೀಟಿ ಎತ್ತಿದಂತೆ ಆರಿಸಿದ) ಮಾದರಿಗೆ ಮಾತ್ರ ಸಲ್ಲುತ್ತದೆ. ಸಿಕ್ಕವರನ್ನು ಕೇಳಿದ ಸಮೀಕ್ಷೆಯಲ್ಲಿ ಸಾವಿರ ಜನರಿದ್ದರೂ ಸಲ್ಲುವುದಿಲ್ಲ. ಕೆರೆಯ ಸುತ್ತಲ ಬೀದಿಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಬೀದಿ ಆರಿಸಿ, ಪ್ರತಿ ಹತ್ತನೇ ಮನೆಯ ಬಾಗಿಲು ತಟ್ಟಿ. ಬಾಗಿಲು ತೆರೆಯದವರ ಲೆಕ್ಕವನ್ನೂ ಬರೆದಿಡಿ. ಪ್ರಶ್ನಾವಳಿಯನ್ನು ಮೊದಲು ಹತ್ತು ಮಂದಿಯ ಮೇಲೆ ಪ್ರಯೋಗಿಸಿ, ಮೂವರು ಒಂದೇ ಪ್ರಶ್ನೆಗೆ ‘ಅಂದ್ರೆ ಏನು?’ ಎಂದರೆ ಆ ಪ್ರಶ್ನೆ ಬದಲಿಸಿ. ಸಂದರ್ಶನಕ್ಕೆ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ. ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಇಪ್ಪತ್ತು ಸಂದರ್ಶನಕ್ಕೆ ಮುನ್ನ ಈ ಗುಣಾಕಾರ ಮಾಡಿಕೊಳ್ಳಿ.

ಬರೆಯುವ ಕ್ರಮ

ಮೊದಲ ಪುಟದಿಂದ ಬರೆಯಬೇಡಿ. ವಿಧಾನದ ಅಧ್ಯಾಯ ಮೊದಲು, ಏಕೆಂದರೆ ಮಾಡಿದ್ದನ್ನು ಬರೆಯುವುದು ಸುಲಭ, ಕೈ ಪಳಗುತ್ತದೆ. ಆಮೇಲೆ ಫಲಿತಾಂಶ, ಚರ್ಚೆ, ಪೂರ್ವಾಧ್ಯಯನ, ಪ್ರಸ್ತಾವನೆ. ಸಾರಲೇಖ ಕಟ್ಟಕಡೆಗೆ, 150ರಿಂದ 250 ಪದ: ಪ್ರಶ್ನೆ ಏನು, ಏನು ಮಾಡಿದಿರಿ, ಏನು ಸಿಕ್ಕಿತು, ಅದರಿಂದ ಏನು. ‘ಈ ಪ್ರಬಂಧದಲ್ಲಿ ಚರ್ಚಿಸಲಾಗಿದೆ’ ಎಂದು ಮುಗಿಸಿ ಉತ್ತರ ಹೇಳದ ಸಾರಲೇಖದಿಂದ ಯಾರಿಗೂ ಉಪಯೋಗವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ‘ಒತ್ತುವರಿ ಮಾಡಲಾಯಿತು’, ‘ಅನುಮತಿ ನೀಡಲ್ಪಟ್ಟಿತು’ ಎಂದಾಗ ಮಾಡಿದವರು ಯಾರು ಎಂಬುದೇ ಮಾಯವಾಗುತ್ತದೆ. ಕೆರೆಯ ಅಧ್ಯಯನದಲ್ಲಿ ಅದೇ ಮುಖ್ಯ ಪ್ರಶ್ನೆ. ಯಾವ ಇಲಾಖೆ, ಯಾವ ವರ್ಷ ಎಂದು ಕರ್ತರಿಯಲ್ಲೇ ಬರೆಯಿರಿ. ‘ಎಂಬುದು ಗಮನಾರ್ಹ ಸಂಗತಿ’, ‘ಎಂದರೆ ತಪ್ಪಾಗಲಾರದು’ ಇವನ್ನು ಹೊಡೆದುಹಾಕಿ ವಾಕ್ಯವನ್ನು ಮತ್ತೆ ಓದಿ, ಏನೂ ಕಡಿಮೆಯಾಗಿರುವುದಿಲ್ಲ. ಪ್ರತಿ ಪ್ಯಾರಾದ ಮೊದಲ ವಾಕ್ಯಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಓದಿದರೆ ವಾದ ಎಲ್ಲಿ ಹರಿದಿದೆ ಎಂದು ತಿಳಿಯುತ್ತದೆ. ತಿದ್ದುವ ಎರಡು ವಾರಗಳಲ್ಲಿ ಮೊದಲು ಮಾಡಬೇಕಾದ ಕೆಲಸ ಇದು.

ಟೈಪ್ ಮಾಡುವುದು ಯುನಿಕೋಡ್‌ನಲ್ಲೇ ಆಗಲಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕನ್ನಡವಾಗಿ ಕಾಣುವುದು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರಲ್ಲಿ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ತಪಾಸಣೆಯ ಸಾಫ್ಟ್‌ವೇರ್‌ಗೂ ಅದು ಅರ್ಥವಾಗದು. ಡಿಟಿಪಿ ಅಂಗಡಿಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಹಳೆಯ ಕಡತವನ್ನು ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲು ಸಾಲಾಗಿ ನೋಡಿ. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಅರ್ಥಹೀನ ಅಕ್ಷರಗಳಾಗಿರುತ್ತವೆ.

ಆಕರಸೂಚಿ ಮತ್ತು ಶೇಕಡಾವಾರು

ಎಪಿಎ, ಎಂಎಲ್‌ಎ, ಐಟ್ರಿಪಲ್‌ಇ, ಈ ಉಲ್ಲೇಖ ಶೈಲಿಗಳಲ್ಲಿ ವಿಭಾಗ ಯಾವುದನ್ನು ಹೇಳುತ್ತದೋ ಅದು. ಆಕರ ಕೂಡಿಡುವ ಸಾಫ್ಟ್‌ವೇರ್ ಝೊಟೆರೊ ಉಚಿತ, ಮೊದಲ ದಿನದಿಂದಲೇ ಅದರಲ್ಲಿ ಕೂಡಿಡಿ. ಕನ್ನಡ ಹೆಸರುಗಳಲ್ಲಿ ಮಾತ್ರ ಕೈಯಿಂದ ತಿದ್ದಬೇಕು: ನಮ್ಮಲ್ಲಿ ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ, ಅದನ್ನು ಸಾಫ್ಟ್‌ವೇರ್ ಕುಲನಾಮವೆಂದು ಓದಿ ‘ಡಿ.ವಿ. ಗುಂಡಪ್ಪ’ ಅವರನ್ನು ಡ ಅಕ್ಷರದಡಿ ಕೂರಿಸಬಹುದು. ‘ಗುಂಡಪ್ಪ ಡಿ.ವಿ.’ ಎಂದು ಗ ಅಡಿಯಲ್ಲಿ ಹಾಕಿ. ಕಾವ್ಯನಾಮವಿದ್ದರೆ ಶೀರ್ಷಿಕೆ ಪುಟದಲ್ಲಿರುವಂತೆ ಒಂದೇ ಖಾನೆಯಲ್ಲಿ ನಮೂದಿಸಿ. ಮುದ್ರಣದ ವರ್ಷ ನಿಮ್ಮ ಕೈಯಲ್ಲಿರುವ ಪ್ರತಿಯದೇ ಇರಲಿ, ಮುದ್ರಣದಿಂದ ಮುದ್ರಣಕ್ಕೆ ಪುಟಗಳು ಬದಲಾಗುತ್ತವೆ.

ಯುಜಿಸಿಯ 2018ರ ನಿಯಮದಲ್ಲಿ ಸಾಮ್ಯ (ಬೇರೆ ಬರಹದೊಂದಿಗಿನ ಹೋಲಿಕೆ) ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿ ರದ್ದು. ಸರಿಯಾಗಿ ಗುರುತಿಸಿದ ಉದ್ಧರಣೆ, ಆಕರಸೂಚಿ, ಕಾನೂನಿನ ಪಠ್ಯ, ಸಮೀಕರಣ, ಸತತ 14 ಪದದೊಳಗಿನ ಸಾಮಾನ್ಯ ಮಾತು ಲೆಕ್ಕಕ್ಕೆ ಬರುವುದಿಲ್ಲ. ವರದಿ ಬಂದಾಗ ಮೊದಲು ಈ ಹೊರಗಿಡುವಿಕೆಗಳು ಆಗಿವೆಯೇ ನೋಡಿ. ಹಾಗೆಂದು ಶೇ. 8 ಬಂದ ಮಾತ್ರಕ್ಕೆ ನಿರಾಳವಾಗಬೇಡಿ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಇಳಿಸಿಕೊಂಡು ಹೆಸರು ಹೇಳದಿದ್ದರೆ ಸಾಫ್ಟ್‌ವೇರ್ ಹಿಡಿಯದಿರಬಹುದು, ಓದಿಕೊಂಡಿರುವ ಪರೀಕ್ಷಕರು ಹಿಡಿಯುತ್ತಾರೆ.

ಚಾಟ್‌ಬಾಟ್‌ಗಳನ್ನು ಆಕರ ಕೇಳಬೇಡಿ. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು, ಇರುವ ಪತ್ರಿಕೆಯ ಹೆಸರು ಜೋಡಿಸಿ ಕೊಡುವುದು ಅವುಗಳ ಸಾಮಾನ್ಯ ದೋಷ. ಯಾರು ಕೊಟ್ಟ ಉಲ್ಲೇಖವಾದರೂ ಡಿಒಐ ಸಂಖ್ಯೆ (ಲೇಖನದ ಶಾಶ್ವತ ಗುರುತು) ತೆರೆದು, ಲೇಖನ ಕಣ್ಣಾರೆ ಕಂಡು, ಪುಟ ನೋಡಿದ ಮೇಲೆಯೇ ಪಟ್ಟಿಗೆ ಸೇರಲಿ. ಭಾಷೆ ತಿದ್ದಲು ಬಳಸಿದ್ದರೆ ವಿಭಾಗದ ನಿಯಮ ಕೇಳಿ, ಬಳಸಿದ್ದನ್ನು ಬರೆಯಿರಿ.

ಪ್ರಬಂಧವನ್ನು ಪತ್ರಿಕೆಗೆ ಕಳಿಸುವ ಆಸೆ ಒಳ್ಳೆಯದು. ಆದರೆ ‘48 ಗಂಟೆಯಲ್ಲಿ ಪ್ರಕಟಣೆ’ ಎಂದು ವಾಟ್ಸಾಪ್‌ನಲ್ಲಿ ಹಣ ಕೇಳುವ ಪತ್ರಿಕೆಗೆ ಬೇಡ, ಅಷ್ಟರಲ್ಲಿ ಯಾವ ತಜ್ಞರೂ ಲೇಖನ ಪರಿಶೀಲಿಸಲಾರರು. ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ, ಈಗಲೂ ಆ ಹೆಸರಿನಲ್ಲಿ ಹಣ ಕೇಳುವವರನ್ನು ನಂಬಬೇಡಿ. ಸಂಪಾದಕ ಮಂಡಳಿಯವರ ಹೆಸರು ಅವರವರ ಸಂಸ್ಥೆಯ ತಾಣದಲ್ಲಿದೆಯೇ, ಹಿಂದಿನ ಮೂರು ಸಂಚಿಕೆಗಳಲ್ಲಿ ಓದುವಂಥದ್ದು ಇದೆಯೇ ನೋಡಿ.

ಬೈಂಡಿಂಗ್‌ಗೆ ಕೊಡುವ ಮುನ್ನ ಪಿಡಿಎಫ್ ಮಾಡಿ ಬೇರೊಬ್ಬರ ಕಂಪ್ಯೂಟರಿನಲ್ಲಿ ತೆರೆದು ಒತ್ತಕ್ಷರ ಒಡೆದಿಲ್ಲವೆಂದು ಖಚಿತ ಮಾಡಿಕೊಳ್ಳಿ, ಒಳಪುಟದ ಪ್ರತಿ ಉಲ್ಲೇಖಕ್ಕೂ ಕೊನೆಯ ಪಟ್ಟಿಯಲ್ಲಿ ಜೋಡಿ ಇದೆಯೇ ಪೆನ್ಸಿಲ್ ಹಿಡಿದು ಟಿಕ್ ಹಾಕಿ. ಕ್ಷೇತ್ರ ಪುಸ್ತಕ, ತುಂಬಿದ ಪ್ರಶ್ನಾವಳಿಗಳು, ಫೋಟೊಗಳನ್ನು ವೈವಾ ಮುಗಿಯುವವರೆಗೆ ಎರಡು ಕಡೆ ಇಡಿ. ವೈವಾದ ದಿನ ಕ್ಷೇತ್ರ ಪುಸ್ತಕ ಕೈಯಲ್ಲೇ ಇರಲಿ, ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದು ಕೇಳಿದಾಗ ಆ ಪುಟ ತೆಗೆದು ಪರೀಕ್ಷಕರ ಮುಂದೆ ಇಡಿ.